ಗರ್ಭಪಾತಕ್ಕೆ ಗಂಡನ ಸಹಿ ಬೇಕಾ?

ತಂಗಿಯ ಗರ್ಭಪಾತಕ್ಕೆ ಗಂಡನ ಸಹಿ ಬೇಕು ಅಂತ ಆಸ್ಪತ್ರೆಯವರು ಕೇಳಿದ್ದಾರೆ ಅಂದಿರಿ. ಅದು ಅವರು ತಮ್ಮ ಜಾಗ್ರತೆಗೆ ಮಾಡಿಕೊಂಡ ರೂಢಿ ಇರಬೇಕು, ಕಾನೂನಲ್ಲ. ತಂಗಿಗೆ 24 ವರ್ಷ, ಈಗ 11 ವಾರ ಅಂತ ಬರೆದಿದ್ದೀರಿ. 18 ತುಂಬಿದವಳಿಗೆ 1971ರ ಗರ್ಭಪಾತ ಕಾಯ್ದೆಯಲ್ಲಿ ಅವಳ ಒಪ್ಪಿಗೆ ಒಂದೇ ಸಾಕು. ಗಂಡ, ಅತ್ತೆ, ಅಪ್ಪ, ಯಾರ ಸಹಿಯೂ ಬೇಡ.

ಮೊದಲು ಸ್ಕ್ಯಾನಿಂಗ್ ಮಾಡಿಸಿ ವಾರ ಎಷ್ಟು ಅಂತ ಖಚಿತ ಮಾಡಿಕೊಳ್ಳಿ, ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಆಮೇಲೆ ಫಾರ್ಮ್ ಸಿ ಕೇಳಿ, ಅದೇ ಒಪ್ಪಿಗೆ ಪತ್ರ. ಮಲಯಾಳದಲ್ಲಿದ್ದರೆ ಪೂರ್ತಿ ಓದಿಸಿಕೊಂಡೇ ಸಹಿ ಹಾಕಲಿ. ಆಗಲೂ ಆಸ್ಪತ್ರೆಯವರು ಒಪ್ಪದಿದ್ದರೆ ಜಗಳಕ್ಕೆ ನಿಂತು ದಿನ ಕಳೆಯಬೇಡಿ, ಕಾಸರಗೋಡು ಜನರಲ್ ಆಸ್ಪತ್ರೆಗೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗೋ ಹೋಗಿ ಕೇಳಿ. ಮೆಡಿಕಲ್ ಶಾಪಿನ ಮಾತ್ರೆ ತಂದು ಮನೆಯಲ್ಲೇ ನುಂಗುವುದು ಬೇಡವೇ ಬೇಡ. 9 ವಾರ ದಾಟಿದೆ, ರಕ್ತಸ್ರಾವ ಜಾಸ್ತಿಯಾದರೆ ಜೀವಕ್ಕೇ ಅಪಾಯ.

"ಹಾಗಾದ್ರೆ ಇದು ಪೂರ್ತಿ ಅವಳ ಹಕ್ಕಾ" ಅಂತಲೂ ಕೇಳಿದ್ದೀರಿ. ಇಲ್ಲ, ಮಿತಿ ಇದೆ. 20 ವಾರದ ತನಕವೂ ಕಾಯ್ದೆ ಹೇಳುವ ಕಾರಣ ಇದೆ ಅಂತ ಒಬ್ಬ ಡಾಕ್ಟರು ಒಪ್ಪಬೇಕು: ದೇಹಕ್ಕೋ ಮನಸ್ಸಿಗೋ ದೊಡ್ಡ ತೊಂದರೆ, ಗರ್ಭನಿರೋಧಕ ಕೈಕೊಟ್ಟದ್ದೂ ಇದರಲ್ಲಿ ಸೇರುತ್ತದೆ. 24 ವಾರದ ತನಕ ಕೆಲವರಿಗೆ ಮಾತ್ರ, ಇಬ್ಬರು ಡಾಕ್ಟರು ಬೇಕು. ಅದರಾಚೆ ತುಂಬಾ ಕಷ್ಟ. 2023ರಲ್ಲಿ 26 ವಾರ ದಾಟಿದ ಮಹಿಳೆಯೊಬ್ಬರಿಗೆ ಸುಪ್ರೀಂ ಕೋರ್ಟೇ ಅನುಮತಿ ಕೊಡಲಿಲ್ಲ. 11 ವಾರದಲ್ಲೂ ಕೊನೆಯ ಮಾತು ಡಾಕ್ಟರದ್ದು ಅನ್ನುವುದು ನನಗೆ ಸರಿ ಕಾಣುವುದಿಲ್ಲ, ಹೊರುವವಳು ಅವಳಲ್ವಾ. ಆದರೆ ಕಾನೂನು ಸದ್ಯ ಹಾಗಿದೆ, ಪರೀಕ್ಷೆ ಮಾಡಿದ ಡಾಕ್ಟರು ಏನನ್ನುತ್ತಾರೆ ಅಂತ ಇಲ್ಲಿಂದ ಹೇಳಲಾಗದು.

ಕಾರಣವನ್ನು ಅವಳ ಬಾಯಿಂದಲೇ ಹೇಳಿಸಿ. ನಾಳೆಯೇ ಹೊರಡಿ.