ಕಣ್ರೀ, ಮಾರಾಯ್ರೆ ಮತ್ತು ಒಂದು ತಪ್ಪಿದ ಬಸ್ಸು

ಪತ್ರ ಬರೆದವರು ಮೈಸೂರಿನವರು, ಬ್ಯಾಂಕ್ ಉದ್ಯೋಗಿ. ಹೆಸರು ಹಾಕಬೇಡಿ ಎಂದಿದ್ದಾರೆ. ಮೂರು ವರ್ಷ ಹುಬ್ಬಳ್ಳಿಯಲ್ಲಿದ್ದು ಈಗ ಮಂಗಳೂರಿಗೆ ವರ್ಗವಾಗಿದ್ದಾರೆ. ಅವರ ದೂರು ಅವರ ಮಾತಿನಲ್ಲೇ:

“ಹುಬ್ಬಳ್ಳಿಯಲ್ಲಿ ‘ಇಲ್ರಿ’, ‘ನಾಳೆರಿ’ ಅಂತ ಎಲ್ಲದಕ್ಕೂ ರೀ ಅಂಟಿಸುತ್ತಿದ್ದರು. ಇಲ್ಲಿ ಗ್ರಾಹಕರು ‘ನಾಳೆ ಬರ್ತೇನೆ ಆಯ್ತಾ’ ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಾರೆ. ಪ್ರಿಂಟರ್ ನಿಂತರೆ ಪಕ್ಕದ ಸೀಟಿನವರು ‘ಇದೆಂಥ ಸಾವು ಮಾರಾಯ್ರೆ’ ಅನ್ನುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಸಾವು! ಕೇಳಿ ಕೇಳಿ ಬೇಸರವಾಗಿದೆ. ದಿನಾ ಮಂಡೆಬಿಸಿ ಮಾಡಿಕೊಂಡೇ ಮನೆಗೆ ಬರುತ್ತೇನೆ. ನಿಮ್ಮ ಪತ್ರಿಕೆ ತೆಗೆದರೆ ಅದರ ಕಥೆಗಳಲ್ಲೂ ಇದೇ ಭಾಷೆ. ಎಲ್ಲರಿಗೂ ಒಪ್ಪುವ ಶುದ್ಧ ಕನ್ನಡಕ್ಕೆ ತಿದ್ದಿ ಪ್ರಕಟಿಸಬಾರದೆ?”

ಸಂಪಾದಕರ ಉತ್ತರ:

ನಿಮ್ಮ ಬೇಸರಕ್ಕೆ ಸಾವಿರದ ನೂರು ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ. ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗದಲ್ಲಿ ಇದೇ ವಿಷಯ ಬರುತ್ತದೆ, ಅದೂ ಬೇಸರವೆಂಬ ಪದದ ಸಮೇತ. ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಗೊತ್ತುಮಾಡಲು ಹೊರಟರೆ ವಾಸುಕಿಗೂ ತಿಳಿಯದೆ ಬೇಸರ ಬಂದೀತು ಅನ್ನುತ್ತದೆ ಆ ಪದ್ಯ. ‘ಕನ್ನಡಗಳು’ ಎಂಬ ಬಹುವಚನ ಅಲ್ಲಿನದೇ, ನಾನು ಸೇರಿಸಿದ್ದಲ್ಲ. ಕನ್ನಡದ ತಿರುಳು ಎಲ್ಲಿದೆ ಎಂದೂ ಅದೇ ಗ್ರಂಥ ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಎಲ್ಲವೂ ನೀವು ಬಿಟ್ಟುಬಂದ ಹುಬ್ಬಳ್ಳಿಯ ಕಡೆಯವು. ಮೈಸೂರಿನ ಹೆಸರಿಲ್ಲ. ನಾನೂ ಹಳೇ ಮೈಸೂರಿನವನೇ, ಇದನ್ನು ಬರೆಯುವಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಆ ‘ರೀ’ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮರ್ಯಾದೆಯೆಲ್ಲ ಕ್ರಿಯಾಪದದಲ್ಲಿ: ಬನ್ನಿ, ಕೂತ್ಕೊಳ್ಳಿ. ಬರೀ ‘ಇಲ್ಲ’, ಬರೀ ‘ನಾಳೆ’ ಅನ್ನಬೇಕಾದಾಗ ಪೇಚಿಗೆ ಸಿಕ್ಕಿ ‘ಇಲ್ಲ ಸಾರ್’ ಎಂದು ಇಂಗ್ಲಿಷಿನಿಂದ ಸಾಲ ತರುತ್ತೇವೆ. ಧಾರವಾಡ ಸೀಮೆಯವರಿಗೆ ಆ ಸಾಲ ಬೇಕಿಲ್ಲ. ಯಾವ ಪದದ ಬೆನ್ನಿಗಾದರೂ ‘ರಿ’ ಹಚ್ಚಿದರೆ ಮರ್ಯಾದೆ ಸಂದಿತು. ಹಚ್ಚದಿದ್ದರೆ ಮುಖಕ್ಕೆ ಬಾಗಿಲು ಹಾಕಿದಂತೆ. ‘ನಮ್ಮ ಸಾಲದ್ದು ಏನಾತ್ರಿ?’ ಎಂದು ಕೇಳಿದವರಿಗೆ ನೀವು ‘ಇನ್ನೂ ಇಲ್ಲ, ನಾಳೆ’ ಎಂದು ಎಷ್ಟು ಸಲ ಹೇಳಿದ್ದೀರೋ, ಅಷ್ಟು ಸಲ ಮೈಸೂರಿನ ಸಾಹೇಬರ ಸೊಕ್ಕಿನ ಮಾತು ಯಾವುದೋ ಮನೆಯ ಕಟ್ಟೆಯ ಮೇಲೆ ನಡೆದಿರುತ್ತದೆ. ಅದೇ ಅಕ್ಷರಕ್ಕೆ ನಮ್ಮೂರಿನಲ್ಲಿ ಇನ್ನೊಂದು ಕೆಲಸವಿದೆ. ‘ಏನ್ರೀ ಇದು?’ ಅಂದರೆ ಅಂಗಡಿಯವನು ಜಗಳಕ್ಕೆ ಸಿದ್ಧನಾಗುತ್ತಾನೆ. ನಿಮಗೆ ಕಿರಿಕಿರಿಯಾದದ್ದು ಅಲ್ಲೇ: ಕಿವಿಗೆ ಬಿದ್ದದ್ದು ಹುಬ್ಬಳ್ಳಿಯ ರೀ, ಕಿವಿ ಮೈಸೂರಿನದು.

ಬಾಲ ಅಂಟಿಸುವುದರಲ್ಲಿ ನಾವೇನು ಹಿಂದೆ ಬಿದ್ದಿಲ್ಲ. ಪುತ್ತೂರಿನ ಕಡೆಯ ಹುಡುಗಿಯೊಬ್ಬಳು ನಮ್ಮ ಕಚೇರಿಗೆ ಸೇರಿದ ಮೊದಲ ವಾರವೇ ಕೇಳಿದಳು, “ಸರ್, ಈ ಕಣ್ರೀ ಅಂದ್ರೆ ಎಂತ? ಎಲ್ರೂ ಹೇಳ್ತಾರೆ, ಕೇಳಿದ್ರೆ ಯಾರಿಗೂ ಗೊತ್ತಿಲ್ಲ.” ಕಾಣಾ, ಅಂದರೆ ನೋಡು ಎಂಬುದು ಸವೆದು ಕಣಾ, ಕಣೋ, ಕಣೇ, ಕಣ್ರೀ ಆಗಿದೆ. ಜೇಡರ ದಾಸಿಮಯ್ಯನ ಎಷ್ಟೋ ವಚನಗಳು ‘ಕಾಣಾ ರಾಮನಾಥ’ ಎಂದು ಮುಗಿಯುತ್ತವಲ್ಲ, ಅದೇ ಕಾಣಾ. ಆತ ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ಆ ಮಾತು ಮಂಡ್ಯದ ಟೀ ಅಂಗಡಿಯಲ್ಲಿ ‘ಕಣ್ಲಾ’ ಆಗಿ ಕಾಲು ಚಾಚಿ ಕೂತಿದೆ.

ಮಾರಾಯ ಎಂಬುದು ಮಹಾರಾಯ. ದಿನಕ್ಕೆ ಹತ್ತು ಸಲ ಮಹಾರಾಯರೇ ಎಂದು ಕರೆಸಿಕೊಂಡು ಮೈಸೂರಿನವರು ಸಿಟ್ಟಾಗುವುದು ವಿಚಿತ್ರ. ‘ಆಯ್ತಾ’ ಬಗ್ಗೆ ನನಗೂ ಮೊದಮೊದಲು ಮೇಷ್ಟ್ರ ಮುಂದೆ ನಿಂತ ಹಾಗೆ ಆಗುತ್ತಿತ್ತು. ಕರಾವಳಿಯಲ್ಲಿ ಅದು ಮಾತು ಮುಗಿಯಿತು ಎಂಬ ಗುರುತು, ಅಷ್ಟೆ. ‘ಹೋಗುವ’ ಅಂದಾಗ ಮಾತ್ರ ನಾನು ಇವತ್ತಿಗೂ ಅರೆಕ್ಷಣ ಕಾಯುತ್ತೇನೆ: ಹೋಗುವ... ಯಾರು? ಅವರು ಚಪ್ಪಲಿ ಮೆಟ್ಟಿ ಅಂಗಳ ದಾಟಿದ ಮೇಲೆ ‘ಹೋಗೋಣ’ ಅಂದದ್ದು ಎಂದು ಹೊಳೆಯುತ್ತದೆ.

ಇದಕ್ಕಿಂತ ದುಬಾರಿ ಪಾಠ ಕುಂದಾಪುರದಲ್ಲಿ ಆಯಿತು. ಸಂಜೆ ಹೊತ್ತು, ಬಸ್ ನಿಲ್ದಾಣದ ಹತ್ತಿರದ ಗೂಡಂಗಡಿಯ ಅಜ್ಜನನ್ನು “ಶಿವಮೊಗ್ಗದ ಬಸ್ಸು ಇದೆಯಾ?” ಎಂದು ಕೇಳಿದೆ. “ಇತ್ತ್” ಅಂದರು. ಇತ್ತು, ಹೋಯ್ತು ಎಂದುಕೊಂಡು ಒಂದು ಚಾ, ಒಂದು ಪ್ಲೇಟ್ ಗೋಳಿಬಜೆ ಹೇಳಿ ಆರಾಮಾಗಿ ಕೂತೆ. ಎರಡನೇ ಬಜೆ ಬಾಯಲ್ಲಿರುವಾಗ ಎದುರಿಗೇ ನಿಂತಿದ್ದ ಬಸ್ಸು ಹೊರಟಿತು. ಕೆಸರು ಮೆತ್ತಿದ ಬೋರ್ಡಿನಲ್ಲಿ ‘ಶಿವಮೊಗ್ಗ’ ಎಂದು ಓದುವ ಹೊತ್ತಿಗೆ ಅದು ತಿರುವಿನಲ್ಲಿತ್ತು. “ಇತ್ತ್ ಅಂದೆ ಅಲ್ದಾ ಮಾರ್ರೆ!” ಎಂದು ಅಜ್ಜ ನನ್ನನ್ನೇ ಬೈದರು. ಕುಂದಾಪುರದಲ್ಲಿ ‘ಇದೆ’ಗೆ ‘ಇತ್ತ್’ ಅನ್ನುತ್ತಾರೆ. ಆ ರಾತ್ರಿ ಲಾಡ್ಜಿನ ಬಾಡಿಗೆ ಕೊಟ್ಟು ಕಲಿತದ್ದು, ಮರೆತಿಲ್ಲ.

‘ಸಾವು’ ಬಗ್ಗೆ ನಿಮಗೆ ಅರ್ಧ ಮಾರ್ಕು ಕೊಡುತ್ತೇನೆ. ಸೂತಕದ ಮನೆಯವರ ಕಿವಿಗೆ ಅದು ಬಿದ್ದರೆ ಕಷ್ಟವೇ. ಅಂಥದ್ದೇನಾದರೂ ಇದ್ದರೆ ಪಕ್ಕದ ಸೀಟಿನವರಿಗೆ ಹೇಳಿಬಿಡಿ, ನಾಲಿಗೆ ಕಚ್ಚಿಕೊಳ್ಳುತ್ತಾರೆ. ಉಳಿದರ್ಧ ಯಾಕೆ ಕೊಡುವುದಿಲ್ಲ ಎಂದರೆ ನಮ್ಮಜ್ಜಿಯಿಂದಾಗಿ. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಅನ್ನುತ್ತಿದ್ದರು. ದೀಪ ಆರಿಸು ಅನ್ನುವ ಹಾಗಿಲ್ಲ, ಶಾಂತ ಮಾಡು. ಶಾಲೆಗೆ ಹೊರಟವನು ‘ಹೋಗ್ತೀನಿ’ ಅಂದರೆ ‘ಹೋಗ್ ಬರ್ತೀನಿ ಅನ್ನೋ’ ಎಂದು ವಾಪಸ್ ಕರೆಯುತ್ತಿದ್ದರು. ಅದೇ ಅಜ್ಜಿ, ಗೋಲಿಯಾಟ ಬಿಟ್ಟು ಊಟಕ್ಕೆ ಬರದಿದ್ದರೆ ಬೀದಿಗೆಲ್ಲ ಕೇಳುವ ಹಾಗೆ ‘ಬಂದು ತಿಂದು ಸಾಯಿ!’ ಎಂದು ಕೂಗುತ್ತಿದ್ದರು. ಹೋಗಿ ತಿನ್ನುತ್ತಿದ್ದೆ. ನಿಮ್ಮ ಮನೆಯಲ್ಲಿ ಹೀಗೆ ಯಾರೂ ಕೂಗಿರಲಿಲ್ಲವೆ?

ಕಿರಿಕಿರಿ ನನಗೂ ಆಗುತ್ತದೆ, ಆದರೆ ಅದು ಬೇರೆ ಕಡೆಯಿಂದ. ಟಿವಿ ಹಾಕಿದರೆ ‘ಅಪಘಾತ ಆಗಿರುವಂಥದ್ದು, ಇಬ್ಬರಿಗೆ ಗಾಯ ಆಗಿರುವಂಥದ್ದು, ಪೊಲೀಸರು ಬಂದಿರುವಂಥದ್ದು’. ಇದು ಯಾವ ಜಿಲ್ಲೆಯ ಕನ್ನಡ? ಯಾರ ಅವ್ವ, ಯಾರ ಅಮ್ಮ ಹೀಗೆ ಮಾತಾಡುತ್ತಾರೆ? ನಮಗೆ ಬರುವ ಲೇಖನಗಳಲ್ಲಿ ಇಂಥ ‘ವಂಥದ್ದು’ ಕಂಡಲ್ಲೆಲ್ಲ ಕೆಂಪು ಶಾಯಿ ಎಳೆಯುತ್ತೇನೆ. ಕಚೇರಿ ಸುತ್ತೋಲೆಯ ‘ಕ್ರಮ ಕೈಗೊಳ್ಳಲಾಗುವುದು’ ಇನ್ನೊಂದು. ಯಾರು ಕೈಗೊಳ್ಳುತ್ತಾರೆ ಎಂದು ಅದು ಯಾವತ್ತೂ ಬಾಯಿ ಬಿಡುವುದಿಲ್ಲ.

ಇನ್ನು ತಿದ್ದುವ ಕೋರಿಕೆ. ಒಂದು ಸಲ ತಿದ್ದಿ ನೋಡಿದ್ದೇನೆ. ಕಲಬುರಗಿಯ ಕಡೆಯ ಲೇಖಕರೊಬ್ಬರ ಕಥೆಯಲ್ಲಿ ಮುದುಕಿಯೊಬ್ಬಳು ‘ಸೀರಿ ಭಾಳ ತುಟ್ಟಿ’ ಅಂದಿದ್ದಳು. ‘ಸೀರೆ ಬಹಳ ದುಬಾರಿ’ ಎಂದು ಮಾಡಿ ಅಚ್ಚಿಗೆ ಕಳಿಸಿದೆ. ಪತ್ರಿಕೆ ಕೈಸೇರಿದ ದಿನ ಫೋನು ಬಂತು. “ಸರ್, ಆಕಿ ನಮ್ಮ ಅವ್ವರಿ. ದುಬಾರಿ ಅಂತ ಆಕಿ ಅಂದದ್ದು ನೀವು ಯಾವಾಗ ಕೇಳೀರಿ?” ನನ್ನ ಹತ್ತಿರ ಉತ್ತರವಿರಲಿಲ್ಲ. ಅಂದಿನಿಂದ ನಿರೂಪಣೆಗೆ ಬೇಕಾದರೆ ಕೈ ಹಾಕುತ್ತೇವೆ, ಪಾತ್ರದ ಬಾಯಿಗೆ ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲೂ ಹಾಗೆಯೇ.

ನಿಮ್ಮ ಪತ್ರದಲ್ಲೂ ಒಂದಕ್ಷರ ತಿದ್ದಿಲ್ಲ. ‘ಮಂಡೆಬಿಸಿ’ಯನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಮೈಸೂರಿನಿಂದ ಹೊರಟಾಗ ನೀವು ಅದನ್ನು ತಲೆಬಿಸಿ ಅನ್ನುತ್ತಿದ್ದಿರಿ, ಅಲ್ವಾ?