ಕ್ಷಮೆ ಕೇಳಬೇಕಾದದ್ದು ಯಾವುದಕ್ಕೆ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಡಾಕ್ಟರಿಗೆ ಮೂವತ್ತೈದರ ಆಸುಪಾಸು. ಊರು ಉಡುಪಿ ಕಡೆ, ಕೆಲಸ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದವರು ಹೆಂಡತಿ. "ಆಫ್ರಿಕಾದಿಂದ ಬಂದ ಮೇಲೆ ಇವರು ಮೊದಲಿನ ಹಾಗಿಲ್ಲ. ಡ್ಯೂಟಿ ಇಲ್ಲದ ದಿನವೂ ರಾತ್ರಿ ಎದ್ದು ಬ್ಲಡ್ ಬ್ಯಾಂಕಿಗೆ ಫೋನ್ ಮಾಡ್ತಾರೆ" ಎಂದರು. ಅಮ್ಮ ಆಗಲೇ ಕುಕ್ಕೆಗೆ ಹರಕೆ ಹೊತ್ತಾಗಿತ್ತು. ಹರಕೆಗೆ ನಾನು ಅಡ್ಡ ಬರುವುದಿಲ್ಲ. ಮನೆಯವರಿಗೂ ಏನಾದರೂ ಮಾಡಿದ ಸಮಾಧಾನ ಬೇಕಲ್ವಾ.

ಇವರು ಅಲ್ಲಿ ಮಲಾವಿ ದೇಶದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ಮಲೇರಿಯಾ ಮಂಗಳೂರಿನವರಿಗೆ ಹೊಸದೇನಲ್ಲ, ಆದರೆ ನಮ್ಮಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್ ಎಂಬ ಜಾತಿ. ಅಲ್ಲಿಯದು ಫಾಲ್ಸಿಪಾರಮ್. ಪುಟ್ಟ ಮಕ್ಕಳ ರಕ್ತವನ್ನು ಅದು ನೋಡನೋಡುತ್ತಲೇ ಬಸಿದು ಹಾಕುತ್ತದೆ. ಆರ್ಟಿಸುನೇಟ್ ಇಂಜೆಕ್ಷನ್ ಕೊಟ್ಟರೆ ರೋಗಾಣು ಸಾಯುತ್ತದೆ, ಹೋದ ರಕ್ತ ಕೂಡಲೇ ವಾಪಸು ಬರುವುದಿಲ್ಲ.

ಒಂದು ರಾತ್ರಿ ಮೂರು ವರ್ಷದ ಹುಡುಗಿ ಬಂದಳು. ಹಿಮೋಗ್ಲೋಬಿನ್ ಬರೀ ಮೂರು. ನಾಲ್ಕಕ್ಕಿಂತ ಕೆಳಗಿಳಿದರೆ ರಕ್ತ ಕೊಡಲೇಬೇಕು. ಫ್ರಿಜ್‌ನಲ್ಲಿ ಇದ್ದದ್ದು, ತುರ್ತಿನಲ್ಲಿ ಯಾರಿಗೆ ಬೇಕಾದರೂ ಕೊಡಬಹುದಾದ ಓ ನೆಗೆಟಿವ್‌ನ ಒಂದೇ ಚೀಲ. ಅದೇ ಹೊತ್ತಿಗೆ ಹೆರಿಗೆ ಕೋಣೆಯಲ್ಲಿ ಒಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಇವರು ಚೀಲವನ್ನು ಅಲ್ಲಿಗೆ ಕಳಿಸಿದರು. ಬಾಣಂತಿ ಉಳಿದಳು. ಮಗು ಬೆಳಗಿನ ಜಾವ ತೀರಿಕೊಂಡಿತು. ತಾಯಿ ಮಗುವನ್ನು ತಾನು ಉಟ್ಟಿದ್ದ ಚಿಟೆಂಜೆ ಬಟ್ಟೆಯಲ್ಲೇ ಸುತ್ತಿದಳು. ಅಪ್ಪ ಎರಡೂ ಕೈಯಿಂದ ಇವರ ಕೈ ಹಿಡಿದು, ಉಪಕಾರವಾಯಿತು ಎಂದು ಹೇಳಿ ಹೊರಟ.

"ಅವನು ಕೆನ್ನೆಗೆ ಹೊಡೆದಿದ್ದರೆ ಇಷ್ಟೊತ್ತಿಗೆ ನಾನು ಸರಿಯಾಗಿರ್ತಿದ್ದೆ" ಎಂದರು ಡಾಕ್ಟರು.

ನಿಮ್ಮ ತಪ್ಪೇನೂ ಇಲ್ಲ ಎಂದು ನಾನು ಹೇಳಲಿಲ್ಲ. ಆ ಮಾತನ್ನು ಎಲ್ಲರೂ ಹೇಳಿ ಮುಗಿಸಿದ್ದರು, ಅದರಿಂದ ಏನೂ ಆಗಿರಲಿಲ್ಲ. ಆ ರಾತ್ರಿ ಯಾವ ಗಂಟೆಗೆ ನಿಮಗೆ ಏನು ಗೊತ್ತಿತ್ತು, ಅಷ್ಟನ್ನೇ ಬರೆದು ತನ್ನಿ, ಈಗ ಗೊತ್ತಿರುವುದನ್ನು ಸೇರಿಸಬೇಡಿ ಎಂದೆ. ತಂದ ಹಾಳೆಯ ಕೆಳಗಡೆ ಒಂದು ಸಾಲು ಇತ್ತು. ಮಗುವಿನ ಮಾವ ವರಾಂಡದಲ್ಲೇ ಕೂತಿದ್ದ, ರಕ್ತ ಕೊಡ್ತೀಯಾ ಎಂದು ಅವನನ್ನು ಕೇಳಿದ್ದು ಎರಡು ಗಂಟೆ ತಡವಾಗಿ. ಗುಂಪು ನೋಡಿ, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಮಾಡಿ, ರಕ್ತ ತೆಗೆದು, ಹೊಂದಾಣಿಕೆ ನೋಡುವಷ್ಟರಲ್ಲಿ ಹೊತ್ತು ಮೀರಿತ್ತು. ಬೇಗ ಕೇಳಿದ್ದರೆ ಮಗು ಉಳಿಯುತ್ತಿತ್ತಾ? ಯಾರೂ ಹೇಳಲಾರರು.

ಆಗ ನಾನು ಹೇಳಿದ್ದು ಹೀಗೆ: "ಚೀಲವನ್ನು ಬಾಣಂತಿಗೆ ಕೊಟ್ಟದ್ದಕ್ಕೆ ಕ್ಷಮೆ ಹುಡುಕಬೇಡಿ. ಅದಕ್ಕೆ ಅಳಬೇಕು ಅಷ್ಟೇ, ನೀವು ಇನ್ನೂ ಅತ್ತಿಲ್ಲ. ಮಾವನನ್ನು ತಡವಾಗಿ ಕೇಳಿದ್ದು ಮಾತ್ರ ನಿಮ್ಮದು. ಅದನ್ನು ಒಪ್ಪಿಕೊಳ್ಳಿ."

ಆ ಅಪ್ಪನಿಗೆ ಎಲ್ಲವನ್ನೂ ಕಾಗದ ಬರೆದು ತಿಳಿಸಬೇಕು ಎಂದು ಇವರಿಗೆ ಬಹಳ ಆಸೆ. ನಾನು ಬೇಡ ಎಂದೆ. ಅವನಿಗೆ ನಿಜ ತಿಳಿಯುವ ಹಕ್ಕಿಲ್ವಾ ಎಂದು ಕೇಳಿದರು. ಇದೆ. ಆದರೆ ಎದುರಿಗೆ ಕೂತು, ಅವನ ಭಾಷೆ ಬಲ್ಲವರನ್ನು ಪಕ್ಕಕ್ಕಿಟ್ಟುಕೊಂಡು, ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡಲು ತಯಾರಿದ್ದು ಹೇಳಬೇಕು. ಮಂಗಳೂರಿನಿಂದ ಪೋಸ್ಟ್ ಮಾಡಿದರೆ ಇವರ ಭಾರ ಅವನ ಮನೆ ಬಾಗಿಲಲ್ಲಿ ಇಳಿಯುತ್ತದೆ. ಇದನ್ನು ಒಪ್ಪದ ಆಪ್ತಸಲಹೆಗಾರರೂ ಇದ್ದಾರು. ಅದರ ಬದಲು ಅಲ್ಲಿಯ ವಾರ್ಡ್ ಸಿಸ್ಟರ್‌ಗೆ ಬರೆಯಿರಿ ಎಂದೆ: ರಕ್ತ ಇಲ್ಲದ ಮಗು ಬಂದ ತಕ್ಷಣ ಜೊತೆಗಿರುವವರನ್ನು ಕೇಳಿಬಿಡಿ, ನಾನು ಕೇಳಲಿಲ್ಲ ಎಂದು.

ಬ್ಲಡ್ ಬ್ಯಾಂಕ್ ವಿಚಾರಿಸುವುದು ಡ್ಯೂಟಿ ಶುರುವಿಗೊಮ್ಮೆ, ಮುಗಿಯುವಾಗ ಒಮ್ಮೆ, ಮನೆಯಿಂದ ಫೋನ್ ಪೂರ್ತಿ ಬಂದ್ ಎಂದು ಗೊತ್ತು ಮಾಡಿದೆವು. ನಿದ್ದೆಗೆ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ತೀರಾ ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದ್ದೇ ಇದೆ.

ಇನ್ನೊಂದು ಕೆಲಸಕ್ಕೆ ಇವರು ತುಂಬಾ ಹಿಂದೇಟು ಹಾಕಿದರು. ರಕ್ತ ತಡವಾಯಿತೆಂದು ಇಲ್ಲಿಯ ಲ್ಯಾಬ್ ಹುಡುಗನಿಗೆ ರೋಗಿಗಳೆದುರೇ ಕೆಟ್ಟದಾಗಿ ಬೈದಿದ್ದರು. ಹೋಗಿ ಸಾರಿ ಕೇಳಿ ಎಂದೆ. ಮಲಾವಿಗೆ ಕಾಗದ ಹೋದ ಎಷ್ಟೋ ದಿನದ ಮೇಲೆ ಅದಾಯಿತು. ಹುಡುಗ "ಆಯ್ತು ಸರ್" ಎಂದನಂತೆ, ಮುಖ ಮಾತ್ರ ಸಡಿಲಾಗಲಿಲ್ಲವಂತೆ. ಆ ಹುಡುಗ ಕ್ಷಮಿಸದೆಯೂ ಇರಬಹುದು, ಅದು ಅವನಿಷ್ಟ ಎಂದೆ.

ಸಿಸ್ಟರ್ ಉತ್ತರ ಬರೆದಿದ್ದಾರೆ. ಹಗಲಲ್ಲಿ ಈಗ ಬಂದ ಕೂಡಲೇ ಕೇಳುತ್ತಾರಂತೆ. ರಾತ್ರಿ ಲ್ಯಾಬಿಗೆ ಇನ್ನೂ ಒಬ್ಬನೇ.