ವಾರವೆಲ್ಲ ದುಡಿದು ಭಾನುವಾರವೂ ಮೈದಾನಕ್ಕೆ ಹೋಗೋದ್ಯಾಕೆ?

ನಿಮ್ಮ ಪ್ರಶ್ನೆ: ನ್ಯೂಯಾರ್ಕಿನಲ್ಲಿ ಹೋಟೆಲು, ಕಟ್ಟಡ ಕೆಲಸ ಮಾಡುವ ಮೆಕ್ಸಿಕೋದವರು ಸಿಗುವ ಒಂದು ರಜೆಯಲ್ಲಿ ಮಲಗೋದು ಬಿಟ್ಟು ಫುಟ್‌ಬಾಲ್ ಆಡುತ್ತಾರಂತೆ, ಯಾಕೆ?

ನಾನಿರುವುದು ನ್ಯೂಯಾರ್ಕಿನದೇ ಒಂದು ಭಾಗವಾದ ಕ್ವೀನ್ಸಿನಲ್ಲಿ. ಏಳನೇ ನಂಬರಿನ ಟ್ರೈನು ಹತ್ತಿದರೆ ಸ್ವಲ್ಪ ಹೊತ್ತಿಗೆ ಫ್ಲಶಿಂಗ್ ಮೆಡೋಸ್ ಕರೋನಾ ಪಾರ್ಕು. ಯು.ಎಸ್. ಓಪನ್ ಟೆನಿಸ್ ನಡೆಯುತ್ತಲ್ಲ, ಅದೇ. ಇವರು ಫುಟ್‌ಬಾಲ್ ಆಡೋದೂ ಅಲ್ಲೇ. ನಿಜ ಹೇಳಬೇಕೆಂದರೆ ನಾನು ಮೊದಲು ಹೋಗಿದ್ದು ತಿನ್ನೋಕೆ. ಮೈದಾನದ ಪಕ್ಕ ಹೆಂಗಸರು ಜೋಳದ ತೆನೆಗೆ ಮೇಯೊನೇಸ್ ಸವರಿ, ಚೀಸು, ಖಾರದ ಪುಡಿ ಉದುರಿಸಿ ಕೊಡುತ್ತಾರೆ. ಮಾವಿನ ಹೋಳಿಗೆ ಉಪ್ಪು, ಖಾರ, ನಿಂಬೆ. ನಮ್ಮ ಸ್ಕೂಲ್ ಗೇಟಿನ ಮುಂದೆ ಸಿಗುತ್ತಿದ್ದದ್ದೇ ಅಲ್ವಾ!

ಇಲ್ಲಿಯ ಮೆಕ್ಸಿಕೋದವರಲ್ಲಿ ಬಹಳ ಜನ ಪ್ವೆಬ್ಲಾ ರಾಜ್ಯದವರು. ಅದಕ್ಕೇ ತಮಾಷೆಗೆ ಈ ಊರಿಗೆ 'ಪ್ವೆಬ್ಲಾ ಯಾರ್ಕ್' ಅನ್ನುತ್ತಾರೆ. ಎಷ್ಟೋ ತಂಡಗಳಿಗೆ ಹಳ್ಳಿಯದೇ ಹೆಸರು. ಜೆರ್ಸಿಯ ಖರ್ಚು ಯಾವುದೋ ಟಾಕೊ ಅಂಗಡಿಯವರದು. ರೆಫರಿಗೆ ಮಾತ್ರ ಆಟಗಾರರೇ ಕಾಸು ಹಾಕಬೇಕು. ಅದನ್ನು ಒಟ್ಟುಮಾಡೋದೇ ಇನ್ನೊಂದು ಆಟ. ಒಬ್ಬರು ದುಡ್ಡು ಕೇಳುತ್ತಾ ಬಂದರೆ ಇನ್ನೊಬ್ಬರಿಗೆ ಆಗಲೇ ಶೂ ಲೇಸು ಬಿಚ್ಚಿಹೋಗಿರುತ್ತದೆ. ಚೆನ್ನಾಗಿ ಆಡುವವರನ್ನು ಕಾಸು ಕೊಟ್ಟು ಕರೆಸುವುದೂ ಉಂಟು. ಅದಕ್ಕೆ 'ತಲಾಚಾ' ಅನ್ನುತ್ತಾರೆ. ಪಂಕ್ಚರ್ ಹಾಕೋದು, ಸಣ್ಣಪುಟ್ಟ ರಿಪೇರಿ, ಇದಕ್ಕೂ ಅದೇ ಪದ.

ನಮ್ಮ ಬೀದಿಯ ಪಿಜ್ಜಾ ಅಂಗಡಿಯಲ್ಲಿ ಪಾತ್ರೆ ತೊಳೆಯುವವರೊಬ್ಬರು ಅಲ್ಲಿ ಗೋಲ್‌ಕೀಪರ್. ಅಂಗಡಿಯಲ್ಲಿ ಅವರು ಬರೀ 'ಅಮಿಗೊ', ಅಂದರೆ ಸ್ಪ್ಯಾನಿಷ್‌ನಲ್ಲಿ ಗೆಳೆಯ. ಮೈದಾನದಲ್ಲಿ ಗೋಲು ಬಿಟ್ಟರೆ ಅವರ ಹೆಸರು, ಅಪ್ಪನ ಹೆಸರು ಎರಡೂ ಹಿಡಿದು ಬೈಯುತ್ತಾರೆ. ಯಾಕೆಂದರೆ ಬೈಯುವವರಿಗೆ ಅಪ್ಪನೂ ಗೊತ್ತು. ಕಾಗದಪತ್ರ ಇಲ್ಲದವರು ಊರಿಗೆ ಹೋದರೆ ತಿರುಗಿ ಬರೋದು ಕಷ್ಟ. ಹಾಗಾಗಿ ಇಪ್ಪತ್ತು ವರ್ಷದಿಂದ ಊರು ನೋಡದವರೂ ಇದ್ದಾರೆ. ಎಲ್ಲಿ ಕೆಲಸ ಖಾಲಿ ಇದೆ, ಯಾವ ಮೇಸ್ತ್ರಿ ಕೂಲಿ ಮುಳುಗಿಸುತ್ತಾನೆ, ಯಾರ ಮಗಳ ಮದುವೆ, ಎಲ್ಲ ಸುದ್ದಿ ಆಟ ಮುಗಿದ ಮೇಲೆ ಬಿಯರ್ ಜೊತೆ. ಯಾರಾದರೂ ತೀರಿಕೊಂಡರೆ ಹೆಣ ಊರಿಗೆ ಕಳಿಸಲು ದುಡ್ಡು ಎತ್ತುವುದೂ ಅಲ್ಲೇ.

2012ರ ಹೊತ್ತಿಗೆ ಅಮೆರಿಕದ ದೊಡ್ಡ ಫುಟ್‌ಬಾಲ್ ಲೀಗಾದ ಮೇಜರ್ ಲೀಗ್ ಸಾಕರ್‌ನವರು ಇದೇ ಪಾರ್ಕಿನಲ್ಲಿ ದೊಡ್ಡ ಸ್ಟೇಡಿಯಂ ಕಟ್ಟಲು ಹೊರಟಿದ್ದರು. ಸುತ್ತಲಿನ ಜನ ವಿರೋಧಿಸಿದರು, ಅದು ಅಲ್ಲಿಗೇ ನಿಂತಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ.

ನೀವು ಕೇಳಿದ್ದನ್ನೇ ನಾನೂ ಒಮ್ಮೆ ನನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಆ ಗೋಲ್‌ಕೀಪರನ್ನು ಕೇಳಿದ್ದೆ. "ನಿದ್ದೆ ಟ್ರೈನಲ್ಲಿ ಮಾಡ್ತೀನಿ" ಅಂದರು. ವಾಪಸ್ ಬರುವಾಗ ನಿಜಕ್ಕೂ ಮಲಗಿಬಿಟ್ಟರು. ಸ್ಟೇಷನ್ ಬಂದಾಗ ನಾನೇ ಎಬ್ಬಿಸಿದೆ.